ಮಾವನ ಪಕ್ಕದ ಕುರ್ಚಿ

ದೆವ್ವ ಇನ್ನೂ ಬಾಗಿಲಾಚೆಯೇ ಇತ್ತು, ಅಷ್ಟರಲ್ಲಿ ಫೋನು ಬಂತು.

ಅಮೃತೇಶನಿಗೆ ಸಿಟ್ಟೇ ಬಂತು. ನಲವತ್ತೊಂದು ನಿಮಿಷ ಆ ನಿರ್ದೇಶಕ ಏನನ್ನೂ ತೋರಿಸದೆ ಕಾಯಿಸಿದ್ದ. ಖಾಲಿ ಓಣಿ, ತೊಟ್ಟಿಕ್ಕುವ ನಲ್ಲಿ, ಅರ್ಧ ತೆರೆದ ಬೀರು, ಅಷ್ಟೇ. ಇಂಡೋನೇಷ್ಯಾದ ಚಿತ್ರ. ಹೀಗೆ ಕಾಯಿಸುವ ಎದೆಗಾರಿಕೆ ಈಗ ಯಾರಿಗಿದೆ? ಚಿತ್ರ ನಿಲ್ಲಿಸಿ ಫೋನು ಎತ್ತಿದರೆ ಹುಲ್ಲಹಳ್ಳಿಯಿಂದ ನಂಜೇಶ, ಸೋದರಮಾವನ ಮಗಳ ಗಂಡ. ಮಾವ ಪುಟ್ಟಬಸವಯ್ಯ ಬೆಳಗ್ಗೆ ಹಾಲು ಕರೆಯಲು ಎದ್ದವರು ಯಾಕೋ ಸುಸ್ತು ಅಂತ ಮತ್ತೆ ಮಲಗಿದರಂತೆ. ಮತ್ತೆ ಏಳಲಿಲ್ಲವಂತೆ.

ಬರುತ್ತೇನೆಂದು ಹೇಳಿ ಫೋನಿಟ್ಟ. ಇಟ್ಟವನು ಎರಡು ನಿಮಿಷ ಹಾಗೇ ಕೂತ. ದುಃಖ ಬರಬಹುದೆಂದು ದಾರಿ ಬಿಟ್ಟುಕೊಟ್ಟು ಕೂತ. ಬಂದದ್ದು ಬೇರೆ. ಇವತ್ತು ಹೆಣದ ಪಕ್ಕ ಕೂರುವುದು ತನ್ನ ಪಾಲಿಗೇ ಬರುತ್ತದೆ ಎಂಬ ಲೆಕ್ಕ ಬಂತು. ಮಾವನಿಗೆ ಗಂಡುಮಕ್ಕಳಿಲ್ಲ, ಅವರ ಅಕ್ಕತಂಗಿಯರ ಮಕ್ಕಳ ಪೈಕಿ ಗಂಡು ಅಂತ ಇರುವವನು ಇವನೊಬ್ಬನೇ.

ನಿಜವಾದ ಹೆಣದ ಪಕ್ಕ ಕೂತರೆ ಹೆದರಿಕೆಯಾದೀತೇ?

ಇದು ಹುಡುಗಾಟದ ಪ್ರಶ್ನೆಯಲ್ಲ. ಅಮೃತೇಶ ತಿ. ನರಸೀಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವನು; ನಲವತ್ಮೂರು ವರ್ಷದ, ಸಾಲಗೀಲವಿಲ್ಲದ, ಸಕ್ಕರೆ ಕಾಯಿಲೆ ಇನ್ನೂ ಶುರುವಾಗದ ಸುಖಿ. ಆದರೆ ಅವನ ನಿಜವಾದ ಬಾಳು ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ, ಗೋಡೆ ತುಂಬ ಪರದೆ, ಮೂರು ಬೀರು ಭಯದ ಕಥೆಗಳು. ರಾತ್ರಿ ನೋಡುವುದು ಕಲಿಯುವವರ ಚಾಳಿ ಎಂದು ಅವನ ಮತ. ಕತ್ತಲೆಯ ಸಹಾಯ ಪಡೆದು ಹೆದರಿಸುವುದು ಒಂದು ಹೆಚ್ಚುಗಾರಿಕೆಯೇ? ಭಾನುವಾರ ಬೆಳಗ್ಗೆ ಉಪ್ಪಿಟ್ಟು ತಿಂದು, ಬಾಯಿ ಮುಕ್ಕಳಿಸಿ, ದೇವರ ಮುಂದೆ ಕೂತ ಹಾಗೆ ಕೂರುತ್ತಿದ್ದ. ಫೋನಿನ ಬಳಗವೊಂದರಲ್ಲಿ ಅವನಂಥ ಮುನ್ನೂರು ಜನ ಇದ್ದರು. ಯಾವ ಚಿತ್ರದಲ್ಲಿ ಮೌನ ಎಷ್ಟು ಹೊತ್ತು ನಿಂತಿತು, ಯಾವ ಲೇಖಕ ಬಾಗಿಲನ್ನು ಯಾವ ಪುಟದಲ್ಲಿ ತೆರೆದ ಎಂದು ಇವನು ಬರೆದರೆ ಮುನ್ನೂರು ಜನವೂ ತಲೆ ಬಾಗುತ್ತಿದ್ದರು. ಅಷ್ಟು ರಸಿಕ.

ತೊಂದರೆ ಒಂದೇ. ಏಳು ವರ್ಷದಿಂದ ಅವನಿಗೆ ಹೆದರಿಕೆಯಾಗಿರಲಿಲ್ಲ. ಮೆಚ್ಚುಗೆಯಾಗುತ್ತಿತ್ತು. ಕತ್ತು ಮುರಿದ ಹೆಂಗಸು ಮಂಚದ ಕೆಳಗಿಂದ ತೆವಳಿ ಬಂದರೆ, ಭೇಷ್ ಅನ್ನಿಸುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ನಾಲಗೆ ಸತ್ತ ಅಡುಗೆಭಟ್ಟ ಎಲ್ಲಾದರೂ ಹೇಳಿಕೊಳ್ಳುತ್ತಾನೆಯೇ?

ಹೆಂಡತಿ ಕವನ ಮಂಡಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿದ್ದಳು. ಬಸ್ಸು ಹತ್ತುವ ಹಾಗಿರಲಿಲ್ಲ. ಸುದ್ದಿ ಕೇಳಿ ಗೊಳೋ ಎಂದು ಅತ್ತಳು. ಎರಡೇ ಸಲ ನೋಡಿದ್ದ ಮಾವನಿಗಾಗಿ ಅಷ್ಟು ಸಲೀಸಾಗಿ ಅಳುವುದನ್ನು ಅವನು ಹೊಟ್ಟೆಕಿಚ್ಚಿನಿಂದ ನೋಡಿದ. ಅವಳು ಮೂಗು ಒರೆಸಿಕೊಂಡು ಇವನ ಮುಖ ನೋಡಿದಳು.

"ಸಾವಿನ ಮನೆಗೆ ಹೊರಟವರ ಮುಖ ಅಲ್ಲ ಕಣ್ರೀ ಇದು."

"ಮತ್ತೆ?"

"ಏನೋ. ಟಿಕೀಟು ಸಿಕ್ಕಿದವರ ಹಂಗಿದೀರ."

ಅವನು ಪಂಚೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟ.

ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿದ. ಹುಲ್ಲಹಳ್ಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಗಳು ತುಂಬಿಕೊಂಡು ಮಿರುಗುತ್ತಿದ್ದವು. ಎಂಥ ಒಳ್ಳೆಯ ದಿನ! ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ಮಾವನನ್ನು ಅವನು ಪ್ರೀತಿಸುತ್ತಿದ್ದುದು ಸುಳ್ಳಲ್ಲ. ಈ ಹುಚ್ಚು ಹಿಡಿಸಿದವರೇ ಅವರು. ಬೇಸಿಗೆ ರಜೆಗೆ ಬಂದ ಅಮೃತೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೆವ್ವದ ಕಥೆ ಹೇಳುತ್ತಿದ್ದರು. ದೆವ್ವ ಬಂತು ಅನ್ನುವಾಗ ನಿಲ್ಲಿಸಿ, ಎಲೆಗೆ ನಿಧಾನವಾಗಿ ಸುಣ್ಣ ಹಚ್ಚುತ್ತಿದ್ದರು. ಸುಣ್ಣ ಹಚ್ಚಿ ಮುಗಿಯುವವರೆಗೆ ದೆವ್ವವೂ ಕಾಯಬೇಕು, ಹುಡುಗನೂ ಕಾಯಬೇಕು. ಆರನೇ ವಯಸ್ಸಿನಲ್ಲಿ ಟೆಂಟಿನಲ್ಲಿ ಒಂದು ದೆವ್ವದ ಚಿತ್ರಕ್ಕೆ ಕರೆದುಕೊಂಡು ಹೋಗಿದ್ದರು. ಬಿಳಿ ಸೀರೆ ಬಾವಿಯಿಂದ ಮೇಲಕ್ಕೆದ್ದಾಗ ಅಮೃತೇಶ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಮಾವ ತಮ್ಮ ಟವಲನ್ನು ಅವನ ಸೊಂಟಕ್ಕೆ ಸುತ್ತಿ, ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದರು. ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ಆ ಸಂಜೆಯ ಹೆದರಿಕೆಯಷ್ಟು ರುಚಿಯಾದ ಪದಾರ್ಥವನ್ನು ಅವನು ಮತ್ತೆಂದೂ ತಿಂದಿರಲಿಲ್ಲ. ಅದನ್ನೇ ಮೂರು ಬೀರು ತುಂಬ ಹುಡುಕಿದ್ದ.

ಇವತ್ತು ಅದು ಸಿಕ್ಕಬೇಕು. ಸಿಕ್ಕದಿದ್ದರೆ ಇನ್ನು ಎಲ್ಲೂ ಇಲ್ಲ.

ಮಾವನ ಹಟ್ಟಿಯ ಮುಂದೆ ಶಾಮಿಯಾನ ಹಾಕಿದ್ದರು. ಅಂಗಳದಲ್ಲಿ ಗಂಡಸರು ಬಿದಿರು ಸೀಳಿ, ಬಾಳೆದಿಂಡು ಕಟ್ಟಿ ಹೆಣ ಹೊರುವ ವಿಮಾನ ಮಾಡುತ್ತಿದ್ದರು. ಆ ಮನೆಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ, ಕೂರಿಸಿಯೇ ಮೆರವಣಿಗೆ, ಕೂರಿಸಿಯೇ ಮಣ್ಣು. ಜಗುಲಿಯ ಮೇಲೆ ಮಾವ ಗೋಡೆಗೊರಗಿ ಪದ್ಮಾಸನ ಹಾಕಿ ಕೂತಿದ್ದರು. ಮೈತುಂಬ ವಿಭೂತಿ, ಕೊರಳಲ್ಲಿ ಹಾರ, ಎಡ ಅಂಗೈಯಲ್ಲಿ ಲಿಂಗ, ಗದ್ದ ಜಾರದಂತೆ ಬಿಳಿ ಬಟ್ಟೆ. ಎಲೆಯಡಿಕೆಗೆ ಕಾಯುತ್ತಿರುವ ಹಾಗಿದ್ದರು.

ಮಾವನ ಮಗಳು ಅರ್ಪಿತ ಇವನನ್ನು ಬಾಗಿಲಲ್ಲಿ ಕಂಡು ಬೆಚ್ಚಿದಳು. ಅದೇ ಹಣೆ, ಅದೇ ಮೂಗು, ಒಂದು ಗಳಿಗೆ ಅಪ್ಪನೇ ಎದ್ದು ಬಂದ ಹಾಗಾಯಿತು ಬಾವ ಎಂದು ಅತ್ತಳು. ಅವಳು ಬೆಚ್ಚಿದ್ದನ್ನು ಅಮೃತೇಶ ಗಮನಿಸಿದ. ಹೆಗಲು ಮೊದಲು ಏರುತ್ತದೆ, ಉಸಿರು ಆಮೇಲೆ ನಿಲ್ಲುತ್ತದೆ. ನಟಿಯರು ತಿರುಗಾಮುರುಗಾ ಮಾಡುತ್ತಾರೆ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಇವನಿಗೆ ಸ್ನಾನ ಮಾಡಿಕೊಂಡು ಬಂದು ಕೂರಲು ಹೇಳಿದರು. ಬಾವಿ ಕಟ್ಟೆಯ ಬಳಿ ನಾಲ್ಕು ಕೊಡ ತಣ್ಣೀರು ಸುರಿದುಕೊಂಡು, ಪಂಚೆಯುಟ್ಟು, ಬರಿಮೈಯಲ್ಲಿ ಬಂದ. ಅವರೇ ಅವನ ಹಣೆಗೆ, ಎದೆಗೆ, ತೋಳಿಗೆ ಧಾರಾಳವಾಗಿ ವಿಭೂತಿ ಬಳಿದರು. ಅಲ್ಲೊಂದು ಸಣ್ಣ ಚರ್ಚೆಯಾಯಿತು. ಆ ಮನೆಯಲ್ಲಿ ಹೆಣ ಕೂರಿಸುವ ಜಾಗ ಮೂಡಲ ಕಿಟಕಿಯ ಕೆಳಗೆ. ಅಜ್ಜನನ್ನು, ಅಜ್ಜಿಯನ್ನು, ಎಲ್ಲರನ್ನೂ ಕೂರಿಸಿದ್ದು ಅಲ್ಲೇ. ಆದರೆ ಬಿಸಿಲು ನೇರ ಅಲ್ಲಿಗೇ ಹೊಡೆಯುತ್ತಿತ್ತೆಂದು ನಂಜೇಶ ಮಾವನನ್ನು ಎರಡು ಮೊಳ ಆಚೆ ನೆರಳಿಗೆ ಸರಿಸಿದ್ದ. ಸಂಬಂಧದವರು ಗೊಣಗಿದರು. ನಂಜೇಶ ಯಾರಿಗೂ ಜಗ್ಗದೆ, ಕಿಟಕಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಮೃತೇಶನನ್ನು ಕೂರಿಸಿದ.

"ನೊಣ ಕೂರ್ದಂಗೆ ನೋಡ್ಕಳಿ ಬಾವ. ಊಟಕ್ ಎದ್ರೂ ಯಾರ್ನಾದ್ರೂ ಕೂರ್ಸೇ ಏಳಿ," ಎಂದು ಹೇಳಿ ವಿಮಾನದ ಕಡೆ ಹೋದ.

ಸರಿ, ಶುರು.

ಮೊದಲು ನೋಡಿದ. ಕಿವಿಯ ತುದಿ ಮೇಣದ ಹಾಗಿತ್ತು. ಮೂಗಿನ ಹೊಳ್ಳೆಗೆ ಹತ್ತಿ. ಮುಖ ಬಹಳ ಚೆನ್ನಾಗಿತ್ತು, ಯಾವ ಪ್ರಸಾಧನದವನಿಗೂ ಸಾಧ್ಯವಿಲ್ಲದ ಬಣ್ಣ. ಏನೂ ಆಗಲಿಲ್ಲ. ಆಮೇಲೆ ಬಗ್ಗಿ ಮಾವನ ಬಲಗೈ ಹಿಡಿದುಕೊಂಡ. ತಣ್ಣಗೆ, ಭಾರವಾಗಿ ಬಂತು. ಆ ಕೈ ಈಗ ತನ್ನ ಕೈಯನ್ನು ಹಿಡಿದುಕೊಂಡರೆ, ಎಂದು ಊಹಿಸಿದ. ಊಹೆ ಸೊಗಸಾಗಿತ್ತು. ಆದರೆ ಅದೂ ಒಂದು ದೃಶ್ಯವಾಗಿ, ಎಲ್ಲಿ ಕತ್ತರಿಸಬೇಕೆಂದು ಅವನ ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು. ಥತ್!

ಹನ್ನೆರಡೂವರೆಯಾಗಿರಬೇಕು. ಭಜನೆಯವರು ಪಕ್ಕದ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಹೆಂಗಸರೆಲ್ಲ ಒಳಗೆ, ಗಂಡಸರು ಅಂಗಳದ ಆ ಮೂಲೆಯಲ್ಲಿ. ಜಗುಲಿಯ ಮೇಲೆ ಇವರಿಬ್ಬರೇ. ಅಮೃತೇಶ ಮಾವನ ಕೈಯನ್ನು ಅವರ ತೊಡೆಯ ಮೇಲಿಟ್ಟು, ನೆಟ್ಟಗೆ ಕೂತು, ಕಣ್ಣು ಮುಚ್ಚಿದ. ನೋಡಿದ್ದರಿಂದಲೇ ಕೆಡುತ್ತಿದೆ, ನೋಡದೆ ಕಾದರೆ ಬಂದೀತು. ಮಾವ ಸುಣ್ಣ ಹಚ್ಚುತ್ತಿದ್ದಾರೆ ಅಂದುಕೊಂಡ. ಬಿಸಿಲಿನ ಕಾವು ಮುಖಕ್ಕೆ ಬೆಚ್ಚಗೆ ತಾಗುತ್ತಿತ್ತು. ಪಕ್ಕದ ಮನೆಯಿಂದ ಬೇಳೆ ಸಾರಿನ ಒಗ್ಗರಣೆ ಘಮ್ಮೆಂದಿತು. ಹೆದರಿಕೆಯ ಜಾಗದಲ್ಲಿ ಅವನಿಗೆ ಹಿತವಾಯಿತು. ಎಷ್ಟು ಹಿತವೆಂದರೆ, ಅಲುಗಲು ಮನಸ್ಸಾಗಲಿಲ್ಲ.

ಆಟೋ ಬಂದು ನಿಂತ ಸದ್ದು. ಆಮೇಲೆ ಊರುಗೋಲು.

ದೊಡ್ಡಮ್ಮ ಬಂದಳು ಅಂದುಕೊಂಡ. ಮಲ್ಲಾಜಮ್ಮ, ಅವನ ತಾಯಿಯ ಹಿರಿಯಕ್ಕ, ಮಾವನಿಗೂ ಅಕ್ಕ. ಕಳಲೆಗೆ ಕೊಟ್ಟಿದ್ದರು. ಎಂಬತ್ತೈದು ದಾಟಿತ್ತು, ಎರಡೂ ಕಣ್ಣಿಗೆ ಪೊರೆ. ಆದರೆ ಇದು ಅವಳ ತವರುಮನೆ. ಮೆಟ್ಟಿಲು ಎಷ್ಟು, ಕಂಬ ಎಷ್ಟು ಎಂದು ಅವಳ ಕೋಲಿಗೇ ಗೊತ್ತಿತ್ತು. ಯಾರ ಕೈಯನ್ನೂ ಹಿಡಿಯದೆ ಜಗುಲಿ ಹತ್ತಿ, ಅಪ್ಪನನ್ನು ಕೂರಿಸಿದ್ದ, ಅವ್ವನನ್ನು ಕೂರಿಸಿದ್ದ ಮೂಡಲ ಕಿಟಕಿಯ ಕೆಳಗಿನ ಜಾಗಕ್ಕೆ ನೇರವಾಗಿ ಬಂದಳು. ಇದ್ದಬದ್ದ ಮಂಜಿನಲ್ಲಿ ಬಿಳಿಯ ಎದೆಯೊಂದು ಕಂಡಿರಬೇಕು. ಒದ್ದೆ ಸೇವಂತಿಗೆಯ ಹಾರವೊಂದು ಅಮೃತೇಶನ ಕೊರಳಿಗೆ ಬಿತ್ತು.

'ದೊಡ್ಡಮ್ಮ, ನಾನು' ಅನ್ನಲು ಬಾಯಿ ತೆರೆಯಬೇಕಿತ್ತು. ಅಷ್ಟರಲ್ಲಿ ಅವಳು ಕುಕ್ಕರಿಸಿ ಅವನ ಎರಡೂ ಪಾದ ಹಿಡಿದುಕೊಂಡಳು. ತಣ್ಣೀರು ಮಿಂದು, ಸಿಮೆಂಟಿನ ಮೇಲಿದ್ದ ಪಾದ, ಬೆಚ್ಚಗಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿದ ಹೆಣವೂ ಅವಳಿಗೆ ಹೊಸದಲ್ಲ.

ಈಗ ಮಾತಾಡಿದರೆ ಮುದುಕಿಯ ಎದೆ ಒಡೆದು ಹೋಗುತ್ತದೆ. ಸತ್ತ ತಮ್ಮ ಬಾಯಿಬಿಟ್ಟರೆ ಯಾವ ಜೀವ ತಡೆದೀತು? ಅಮೃತೇಶ ಉಸಿರು ಬಿಗಿಹಿಡಿದ.

"ನನ್ ಕಳ್ಸಿ ಓಗದ್ ಬುಟ್ಟು ನೀನೇ ಓದಲ್ಲೋ ಪುಟ್ಟಬಸವ," ಎಂದಳು ಮಲ್ಲಾಜಮ್ಮ. ಅಳುತ್ತಿರಲಿಲ್ಲ. ಮಗ್ಗುಲಲ್ಲಿ ಮಲಗಿದವನ ಜೊತೆ ಆಡುವ ಮಾತಿನ ಹಾಗಿತ್ತು. "ಎದ್ರುಕಬ್ಯಾಡ ಕಣಪ್ಪ. ಕತ್ಲಂದ್ರೆ ಮೊದ್ಲಿಂದ್ಲೂ ಆಗದವ್ನು ನೀನು. ಉಚ್ಚೆ ಉಯ್ಯಕ್ಕೂ ನನ್ ಸೆರಗ್ ಇಡ್ಕ ಬತ್ತಿದ್ದೆ. ಮೀಸೆ ಬಂದ್ ಮ್ಯಾಲೂ ಅಷ್ಟೇ. ಜಗುಲೀಲ್ ಒಬ್ನೇ ಮಲುಗಕ್ಕಾಗ್ದೆ ಆ ಐಕ್ಳ ಕೂರಿಸ್ಕಂಡ್ ಕತೆ ಯೋಳ್ತಿದ್ದೆ. ನಂಗ್ ಗೊತ್ತಿಲ್ವಾ?"

ಅಮೃತೇಶನಿಗೆ ಗೊತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಆ ಕೈ ನಡುಗುತ್ತಿತ್ತೋ ಏನೋ, ಅವನು ನೋಡಿರಲಿಲ್ಲ. ಮಾವನಿಗೆ ಎಪ್ಪತ್ತೆಂಟು ವರ್ಷವೂ ಇದ್ದ ಹೆದರಿಕೆ ತನಗೆ ಉಳಿಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಸತ್ತವನ ಮೇಲೆ ಹೊಟ್ಟೆಕಿಚ್ಚು. ಅಷ್ಟಾದರೂ ಬಂತಲ್ಲ.

ಮುದುಕಿಯ ಕೈ ಮಂಡಿಗೆ ಬಂತು, ಒದ್ದೆ ಹಾರಕ್ಕೆ ಬಂತು, ಮುಖಕ್ಕೆ ಬಂತು. ಅವಳ ಉಸಿರು ಅವನ ಗದ್ದಕ್ಕೆ ತಾಗಿತು.

ಆಗ ಅವನಿಗೆ ಹೊಳೆಯಿತು. ಈ ದೃಶ್ಯದಲ್ಲಿ ದೆವ್ವ ತಾನೇ. ತಾನು ಕಣ್ಣು ಬಿಟ್ಟರೆ ಸಾಕು, ಅಚ್ಚ ಹೆದರಿಕೆಯೊಂದು ಗೇಣು ದೂರದಲ್ಲಿ, ಹಾಡುಹಗಲಲ್ಲಿ ಹುಟ್ಟುತ್ತದೆ. ಅದು ಅಂಟುವ ವಸ್ತು. ಅವಳಿಂದ ತನಗೂ ಬಂದರೆ ಬರಬಹುದು. ಬೇಡ, ಮುದುಕಿ ಸತ್ತುಹೋಗುತ್ತಾಳೆ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಕಣ್ಣು ಬಿಟ್ಟ.

ಮಲ್ಲಾಜಮ್ಮನ ಮುಖ ಅಲ್ಲೇ ಇತ್ತು. ಪೊರೆ ಬಂದ ಎರಡು ಕಣ್ಣುಗಳು ಅವನ ಕಣ್ಣುಗಳ ಎದುರಿಗಿದ್ದವು. ರೆಪ್ಪೆ ತೆರೆದದ್ದನ್ನು ಅವಳ ಬೆರಳು ಮುಟ್ಟಿ ತಿಳಿದುಕೊಂಡಿತು. ಅವನು ಕಾದ. ಅವಳ ಹೆಗಲು ಏರಲಿಲ್ಲ. ಉಸಿರು ನಿಲ್ಲಲಿಲ್ಲ. ಎಷ್ಟು ಸಾವು ಕಂಡಿದ್ದಳೋ, ಎಷ್ಟು ಜನರ ರೆಪ್ಪೆ ಹೀಗೆ ಸಡಿಲಿದ್ದನ್ನು ಕಂಡಿದ್ದಳೋ.

"ನೋಡಿದ್ದು ಸಾಕು ಕಣಪ್ಪ," ಎಂದಳು.

ಒರಟು ಅಂಗೈಯನ್ನು ಅವನ ಹಣೆಯಿಂದ ಕೆಳಕ್ಕೆ ಎಳೆದು ಎರಡೂ ಕಣ್ಣು ಮುಚ್ಚಿದಳು. ಮುಚ್ಚಿ, ಮತ್ತೆ ತೆರೆಯದಂತೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದಳು. ಆಮೇಲೆ ಕೋಲೂರಿಕೊಂಡು ಒಳಗೆ ಹೋದಳು. ಒಳಗೆ ಹೆಂಗಸರ ಅಳು ಹೊಸದಾಗಿ ಎದ್ದಿತು.

ರೆಪ್ಪೆಗಳ ಮೇಲೆ ಹೆಬ್ಬೆರಳ ಭಾರ ಹಾಗೇ ಉಳಿದಿತ್ತು. ಹಾರದ ನೀರು ಎದೆಯ ವಿಭೂತಿಯನ್ನು ತೋಯಿಸುತ್ತ ಹೊಟ್ಟೆಗಿಳಿಯುತ್ತಿತ್ತು. ಈಗ ಬರಬೇಕು, ಈಗಲಾದರೂ ಬರಬೇಕು ಎಂದು ಅಮೃತೇಶ ಆ ಕತ್ತಲಲ್ಲಿ ಕಾದ. ಅಲ್ಲಿ ಯಾರೂ ಇರಲಿಲ್ಲ, ಅವನೂ ಅಷ್ಟಾಗಿ ಇರಲಿಲ್ಲ, ಮತ್ತು ಅದು ಬಹಳ ಆರಾಮವಾಗಿತ್ತು. ಅಂಗಳದಲ್ಲಿ ನಂಜೇಶ ವಿಮಾನ ಆಯಿತೆಂದು ಕೂಗಿದ. ನಾಲ್ಕು ಜನ ಬರಿಗಾಲಲ್ಲಿ ಜಗುಲಿ ಹತ್ತಿದರು. ಹೆಜ್ಜೆಗಳು ಹತ್ತಿರ ಬಂದು, ಎರಡು ಹಾರಗಳ ಮುಂದೆ ನಿಂತವು.

ಎದ್ದು ದಾರಿ ಬಿಡಬೇಕು ಎಂದು ಅವನಿಗೆ ಗೊತ್ತಿತ್ತು. ಇನ್ನೂ ಎದ್ದಿರಲಿಲ್ಲ.