ಪಾಯಾಳು ಸೊಸೆಯ ಕಾಲು

ಹಲಬರ್ಗಾದ ಆ ಮನೆಯವರು ಶೀತಲಳನ್ನು ಸೊಸೆಯಾಗಿ ತಂದುಕೊಂಡದ್ದು ಅವಳ ಡಿಗ್ರಿ ನೋಡಿ ಅಲ್ಲ, ಕಾಲು ನೋಡಿ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು ಅವಳು. ಅಂಥವರಿಗೆ ಆ ಕಡೆ ಪಾಯಾಳು ಅನ್ನುತ್ತಾರೆ. ಸೊಂಟ ಹಿಡಿದವರನ್ನು ಹೊಸ್ತಿಲ ಮೇಲೆ ಬೋರಲು ಮಲಗಿಸಿ ಪಾಯಾಳು ಬರಿಗಾಲಲ್ಲಿ ಒದ್ದರೆ ನೋವು ಇಳಿಯುತ್ತದೆಂದು ನಂಬಿಕೆ. ಮಾವ ಧೊಂಡಿಬಾ ಕುರಿ ಕಾಯುವವನು, ಇಪ್ಪತ್ತು ವರ್ಷದಿಂದ ಸೊಂಟನೋವಿನವನು. ಔಷಧ ಮನೆಯಲ್ಲೇ ಇರಲಿ ಅಂದುಕೊಂಡಿದ್ದ.

ಆರು ವರ್ಷ ಅಮಾವಾಸ್ಯೆಗೊಮ್ಮೆ ಒದ್ದಳು. ಈ ಸಲ ಒದ್ದ ಮೂರನೆಯ ದಿನ ಅವನ ಎಡಪಾದ ಜೋತುಬಿತ್ತು.

ಬೀದರಿನ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದರು. "ಇವರ ಸೊಂಟದ ಕೊನೀ ಮಣಿ ಹುಟ್ಟಾ, ಅಂದ್ರ ಹುಟ್ಟಿದಾಗಿಂದೇ, ಕೆಳಗಿನ ಎಲುಬಿಗಿ ಕೂಡ್ಯದ. ಅದು ಬಾಗಂಗಿಲ್ಲ. ಅದರ ಕೆಲಸ ಎಲ್ಲಾ ಮ್ಯಾಲಿನ ಮಣಿ ಮಾಡ್ತದ. ಅಲ್ಲಿ ಮಣಿ ನಡುವಿನ ಮೆತ್ತನ ಗಾದಿ ಸವದು ಈಗ ನರಾ ಒತ್ತಲಿಕತ್ತದ."

"ನಾ ಒದ್ದಿದ್ದಕ್ಕ ಆಯ್ತೇನ್ರಿ ಸಾಹೇಬ್ರ?"

"ಒಂದು ಒದಿಗಿ ಹಿಂಗ ಸವಿಯಂಗಿಲ್ಲಮ್ಮ, ವರ್ಷಗಟ್ಟಲೆ ಸವದದ. ಆದ್ರ ಇನ್ಮ್ಯಾಲ ಯಾರ ಬೆನ್ನಿಗೂ ಕಾಲು ಹಚ್ಚಬ್ಯಾಡ."

ಭಾಲ್ಕಿ ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಾಂತಾಬಾಯಿ ಪಿಸುಗುಟ್ಟಿದಳು. "ಹುಟ್ಟಾ ಅನ್ನೋ ಮಾತು ಬಾಯಿ ಬಿಡಬ್ಯಾಡ. ಔರಾದದವರು ನಮ್ಮ ಸಣ್ಣ ಮಗ ಪಂಢರಿಗಿ ಹೆಣ್ಣು ಕೊಡ್ತೀವಿ ಅಂದಾರ. ಅಪ್ಪನ ಎಲುಬು ಹುಟ್ಟಾ ಹಿಂಗ ಅಂದ್ರ, ಮಗಂದು ಹ್ಯಾಂಗ ಅಂತಾರ."

"ಮತ್ತ ಏನಂತ ಹೇಳ್ತೀರಿ ಅತ್ತಿ?"

"ಸೊಸಿ ಜೋರ ಒದ್ದಳು ಅಂತೇನಿ. ನಿಂದು ಮದುವಿ ಆಗ್ಯದಲ್ಲ, ನಿನಗೇನು ಹೋಗ್ತದ?"

ಧೊಂಡಿಬಾ ಕಿಟಕಿಯಾಚೆ ನೋಡುತ್ತ ಕೂತ.

ವಾರದೊಳಗೆ ಅತ್ತೆಯ ಮಾತು ಊರೆಲ್ಲ ಹರಡಿತು. ನಳದ ಹತ್ತಿರ ನೀರಿಗೆ ನಿಂತ ಹೆಂಗಸರು, "ಮಾವನ ಕಾಲು ತಗೊಂಡಿ, ಇನ್ನ ಯಾರ್ದು ಬೇಕವ್ವಾ?" ಎಂದು ಮಕ್ಕಳನ್ನು ಈಚೆ ಎಳೆದುಕೊಂಡರು. ಗಂಡ ಅಶೋಕಕುಮಾರ, "ತಮ್ಮನ ಲಗ್ನ ಆಗೋತನ ಸುಮ್ಮನಿರು," ಅಂದ.

ಔರಾದದಿಂದ ಹೆಣ್ಣಿನ ಅಪ್ಪ ಮಡೆಪ್ಪ ಎರಡು ಬಸ್ಸು ಬದಲಿಸಿ ಸೊಂಟ ಹಿಡಿದುಕೊಂಡೇ ಬಂದ. ಧೊಂಡಿಬಾನ ಕುಂಟು ಕಂಡು ಕೇಳಿದ. ಕಾಂತಾಬಾಯಿ ಕಥೆ ಸುರು ಮಾಡಿದಳು. ಶೀತಲ ಚಹಾ ಕೆಳಗಿಟ್ಟು ಒಳಗೆ ಹೋಗಿ ಎಕ್ಸರೇ ತಂದು ಬಾಗಿಲ ಬೆಳಕಿಗೆ ಹಿಡಿದಳು.

"ನೋಡ್ರಿ ಕಾಕಾ. ಮಾವನೋರ ಎಲುಬು ಹುಟ್ಟಾ ಕೂಡ್ಯದ. ನಾ ಮಾಡಿದ್ದಲ್ಲ."

ಕಾಂತಾಬಾಯಿಯ ಮುಖ ಬಿಳಿಚಿತು. ಮಡೆಪ್ಪ ನಕ್ಕ.

"ಇಷ್ಟೇ ಏನು? ನಂದೂ ಹಿಂಗೇ ಅದ. ಭಾಳ ಮಂದಿಗಿ ಇರ್ತದಂತ ಡಾಕ್ಟ್ರೇ ಹೇಳ್ಯಾರ. ಇದಕ್ಕ ಯಾರಾದ್ರೂ ಸಂಬಂಧ ಬಿಡ್ತಾರೇನು?"

ಮುಚ್ಚಿಟ್ಟದ್ದೆಲ್ಲ ದಂಡ. ಅತ್ತೆ ಸೊಸೆಯ ಕಡೆ ನೋಡಲೂ ಇಲ್ಲ.

ಮಡೆಪ್ಪ ರುಮಾಲು ಬಿಚ್ಚಿಟ್ಟು ಹೊಸ್ತಿಲ ಮೇಲೆ ಬೋರಲು ಬಿದ್ದ. "ಪಾಯಾಳು ಮನ್ಯಾಗೇ ಇದ್ದಾಳಲ್ಲ. ಬಸ್ಸಿನಾಗ ಸೊಂಟ ಹಿಡದದ. ಒಂದು ಕೊಡವ್ವ."

"ಡಾಕ್ಟ್ರು ಬ್ಯಾಡ ಅಂದಾರ್ರಿ."

"ನೋಡ್ತಿ ಯಾಕ? ಒದಿ!" ಅಂದಳು ಕಾಂತಾಬಾಯಿ. "ಬೀಗರು ಮಲಗ್ಯಾರ."

"ಇವರ ಕಾಲೂ ಹೋದ್ರ ಯಾರ ಹೆಸರು ಹೇಳ್ತೀರಿ ಅತ್ತಿ?"

ಶೀತಲ ಗೋಡೆ ಪಕ್ಕದ ಚಪ್ಪಲಿ ಮೆಟ್ಟಿಕೊಂಡಳು. ಎಕ್ಸರೇ ಬಗಲಲ್ಲಿಟ್ಟುಕೊಂಡು ಬಿದ್ದಿದ್ದ ಬೀಗರನ್ನು ದಾಟಿ ನಳದ ಕಡೆ ನಡೆದಳು. ನೀರು ಬರುವ ಹೊತ್ತು, ಹೆಂಗಸರೆಲ್ಲ ಅಲ್ಲಿದ್ದರು.