ಮೂರು ಕೊಟೇಶನ್ನಿನ ಕ್ಯಾಮೆರಾ

ನಮ್ಮ ಭಾವ ವೀರಭದ್ರಪ್ಪನವರು ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಕೂತವರು. ಮೂರು ಕೊಟೇಶನ್ ಇಲ್ಲದೆ ಮನೆಗೆ ಕುಕ್ಕರನ್ನೂ ತಂದವರಲ್ಲ. ಬೇಗಂ ಬಜಾರಿನಲ್ಲಿ ತೊಗರಿಬೇಳೆ ಕೊಳ್ಳುವಾಗಲೂ ಮೂರು ಅಂಗಡಿಯ ದರ ಚೀಟಿಯಲ್ಲಿ ಬರೆದು, ಕೂಡಿಸಿ ಕಳೆದು, ಕಡಿಮೆ ಹೇಳಿದವನ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಅವನು ಊಟಕ್ಕೆ ಎದ್ದಿರುತ್ತಾನೆ. ನನ್ನ ಅಕ್ಕ ಕುಮುದಾ ಇದಕ್ಕೆ ಹೊಂದಿಕೊಂಡಿದ್ದಾಳೆ. ಅವಸರದ ಸಾಮಾನನ್ನು ಗಂಡನಿಗೆ ಹೇಳದೆ ತರುತ್ತಾಳೆ.

ಕ್ಯಾಮೆರಾ ಹಾಗೆ ತರುವ ಸಾಮಾನಾಗಿರಲಿಲ್ಲ. ಅವರ ಮಗಳು ಲಹರಿ ಲಲಿತಕಲಾ ಕಾಲೇಜೊಂದರ ಫೋಟೋಗ್ರಫಿ ಪದವಿಗೆ ಬರವಣಿಗೆಯ ಪರೀಕ್ಷೆ ದಾಟಿದ್ದಳು. ಉಳಿದದ್ದು ಪ್ರಾಯೋಗಿಕ. ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಕಾಲೇಜಿನ ಕಾಂಪೌಂಡಿನೊಳಗೇ ಇದ್ದು, ತನ್ನದೇ ಕ್ಯಾಮೆರಾದಲ್ಲಿ ಹನ್ನೆರಡು ಚಿತ್ರ ತೆಗೆದು ಒಪ್ಪಿಸಬೇಕು. ಮೊಬೈಲು ನಡೆಯದು. ಸೀಟು ಇಪ್ಪತ್ತು, ಪರೀಕ್ಷೆ ವರ್ಷಕ್ಕೊಂದೇ ಸಲ. ಹುಡುಗಿ ಮೂರು ವಾರ ವಿಡಿಯೋ ನೋಡಿ, ನಲವತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಒಂದು ಡಿಎಸ್‌ಎಲ್‌ಆರ್ ಆರಿಸಿ, ಅದರ ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಳು. ಪರೀಕ್ಷೆಗೆ ಒಂಬತ್ತು ದಿನವಿತ್ತು.

"ಕೋಠ್ಯಾಗ ಹೋಗಿ ತರೂಣು ನಡಿ ಅಪ್ಪಾ. ಒಂದು ತಾಸಿನ ಕೆಲಸ."

"ನೀ ಬರಂಗಿಲ್ಲ," ಎಂದರು ಭಾವ. "ಇಂಡೆಂಟ್ ಹಾಕಿದಾಕಿ ನೀ. ಬೇಕು ಅಂದವರು ಖರೀದಿಯೊಳಗ ಕೈ ಹಾಕಬಾರದು."

"ಕ್ಯಾಮೆರಾ ನಂದಲ್ಲೇನು?"

"ಅದಕ್ಕ ಹೇಳಾಕತ್ತೀನಿ, ಬರಬಾರದು."

ಹೀಗೆ ಆ ಮನೆಯಲ್ಲಿ ಕ್ಯಾಮೆರಾದ ವಿಷಯ ಬಲ್ಲ ಒಬ್ಬಳೇ ಒಬ್ಬಳನ್ನು ಹೊರಗಿಟ್ಟು ಇಬ್ಬರ ಕಮಿಟಿಯಾಯಿತು. ಎರಡನೆಯವನು ನಾನು. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಅನುವಾದಕ. ಕ್ಯಾಮೆರಾದ ಎದುರು ನಿಂತದ್ದುಂಟು, ಹಿಂದೆ ನಿಂತವನಲ್ಲ. "ವಾಸುದೇವ, ನೀ ಟೆಕ್ನಿಕಲ್ ಮೆಂಬರ್," ಎಂದರು ಭಾವ. ನಾನು ಬೇಡವೆನ್ನಲಿಲ್ಲ. ಬಿರುದುಗಳು ಬರುವ ವಯಸ್ಸಲ್ಲ ನನ್ನದು.

ಕೋಠಿ ಪೇಟೆಯ ಮೊದಲ ಅಂಗಡಿಯವನು ಕ್ಯಾಮೆರಾ ತೋರಿಸುವ ಮೊದಲೇ ಮನಸ್ಸು ಮುರಿಯಲು ನೋಡಿದ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಈಗೆಲ್ಲ ಮಿರರ್‌ಲೆಸ್, ಅರವತ್ತೈದು ಸಾವಿರದಿಂದ ಶುರು ಎಂದ. ಭಾವ ಚೀಟಿ ಮುಂದೆ ಚಾಚಿ, ಇದೇ ಮಾಡೆಲ್ಲಿಗೆ ಲೆಟರ್‌ಹೆಡ್ಡಿನ ಮೇಲೆ ದರ ಬರೆದು ಅಂಟು ಹಚ್ಚಿದ ಲಕೋಟೆಯಲ್ಲಿ ಕೊಡಬೇಕು ಎಂದರು.

"ಸೀಲ್ಡ್ ಕವರ್? ಮಿಸೈಲ್ ಲೇರೈಂ ಕ್ಯಾ ಅಂಕಲ್?"

"ಪ್ರೊಸೀಜರ್ ಹೈ ಭಾಯ್," ಎಂದರು ಭಾವ, ನಗದೆ. ಅವರ ಸರ್ವೀಸಿನಲ್ಲಿ ಕ್ಷಿಪಣಿಯೂ ಹೀಗೆಯೇ ಬಂದಿರಬಹುದು.

ಆತ ಲೆನ್ಸು, ಬ್ಯಾಗು, ಕಾರ್ಡು ಎಂದು ಒಂದೊಂದಾಗಿ ಹೆಸರು ಹೇಳತೊಡಗಿದ. ಎರಡನೆಯ ಅಂಗಡಿಯಲ್ಲೂ ಅದೇ ಹಾಡು. ಹೊರಗೆ ಬಂದಾಗ ಭಾವನ ಮುಖ ಬಿಗಿದಿತ್ತು. "ನೋಡಿದೇನು? ನಾವು ಕೇಳಿದ್ದು ಒಂದು, ಇವರು ಗಂಟು ಹಾಕೂದು ನಾಕು. ಮೂವತ್ತು ವರ್ಷ ಇದನ್ನs ನೋಡೀನಿ." ಅದಕ್ಕೆ ಮೂರನೆಯ ಅಂಗಡಿಯಲ್ಲಿ ಮೊದಲೇ ಹೇಳಿಬಿಟ್ಟರು: ಕ್ಯಾಮೆರಾ ಮಾತ್ರ, ಬೇರೆ ಏನೂ ಬೇಡ.

"ಓನ್ಲಿ ಕ್ಯಾಮೆರಾ?"

"ಓನ್ಲಿ."

ಆತ ನಮ್ಮಿಬ್ಬರನ್ನೂ ಒಂದು ಬಗೆಯ ಗೌರವದಿಂದ ನೋಡಿದ. ಉಳಿದದ್ದೆಲ್ಲ ಇವರ ಮನೆಯಲ್ಲಿ ಆಗಲೇ ಇದೆ ಎಂದುಕೊಂಡನೋ ಏನೋ.

ಮೂರನೆಯ ಲಕೋಟೆ ಕೈ ಸೇರುವಾಗ ಶುಕ್ರವಾರ. ಅಂದು ಸಂಜೆ ಊಟದ ಮೇಜಿನ ಮೇಲೆ ಲಕೋಟೆಗಳನ್ನು ಒಡೆದೆವು. ಲಹರಿಯನ್ನು ಒಳಗಿನ ಕೋಣೆಗೆ ಕಳಿಸಿದ್ದೆವು; ದರ ಗುಟ್ಟಿನದು. ಮೊದಲಿನವನು ನಲವತ್ತೊಂದೂವರೆ ಸಾವಿರ, ಎರಡನೆಯವನು ನಲವತ್ತೆರಡು ಸಾವಿರದ ಎಂಟುನೂರು, ಮೂರನೆಯವನು ಮೂವತ್ತಮೂರು ಸಾವಿರದ ಒಂಬೈನೂರು. ಭಾವ ಸ್ಕೇಲು ಹಿಡಿದು ಗೆರೆ ಎಳೆದು ತುಲನಾ ಪಟ್ಟಿ ಬರೆದರು. ಎರಡು ದರಗಳಲ್ಲಿ ಲೆನ್ಸು ಇತ್ತು, ಮೂರನೆಯದರಲ್ಲಿ ಇರಲಿಲ್ಲ. ಅದನ್ನು ನಾನು ಕಣ್ಣಾರೆ ಓದಿದೆ. ಫೋನಿಗೆ ಕಣ್ಣು ಹುಟ್ಟಿನಿಂದಲೇ ಇರುತ್ತದೆ, ಕ್ಯಾಮೆರಾಕ್ಕೂ ಹಾಗೆಯೇ ಇರಬೇಕು, ಲೆನ್ಸೆಂಬುದು ಮೇಲೆ ಹಾಕುವ ಕನ್ನಡಕ ಎಂದು ನನ್ನ ತಿಳಿವಳಿಕೆ. "ಟೆಕ್ನಿಕಲ್ ಮೆಂಬರ್ ಸಹಿ," ಎಂದರು ಭಾವ. ಮಾಡಿದೆ.

ಶನಿವಾರ ಸಂಜೆ ಡಬ್ಬಿ ಮನೆಗೆ ಬಂತು. ಅಕ್ಕ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಲಹರಿ ಬಿಚ್ಚಲು ಹೋದರೆ ಭಾವ ತಡೆದರು. "ಇನ್‌ಸ್ಪೆಕ್ಷನ್ ಹಗಲು ಬೆಳಕಿನ್ಯಾಗ ಆಗಬೇಕು. ನಾಳೆ ಮುಂಜಾನೆ."

ರವಿವಾರ ಮುಂಜಾನೆ ಎಂಟಕ್ಕೆ, ಬಾಲ್ಕನಿಯಲ್ಲಿ, ಡಬ್ಬಿ ತೆರೆಯಿತು. ಲಹರಿ ಕ್ಯಾಮೆರಾ ಎತ್ತಿದಳು, ಮುಂದಿನ ಕರಿ ಮುಚ್ಚಳ ತಿರುಗಿಸಿ ತೆಗೆದಳು. ಆಮೇಲೆ ಡಬ್ಬಿಯ ಥರ್ಮಾಕೋಲಿನ ಕೆಳಗೆ ಕೈಯಾಡಿಸಿದಳು. ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದಳು.

"ಮಾಮಾ, ಲೆನ್ಸ್ ಎಲ್ಲೈತಿ?"

"ಅದು ಒಳಗ ಇರಂಗಿಲ್ಲೇನು?"

ಅವಳು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಒಂದು ದುಂಡನೆಯ ತೂತು, ಅದರೊಳಗೆ ಒಂದು ಚಿಕ್ಕ ಕನ್ನಡಿ.

ಕುಮುದಾ ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮೂರು ಕೊಟೇಶನ್," ಎಂದಳು, "ಇಬ್ಬರು ಆಫೀಸರು, ಒಂದು ತೂತು."

ಭಾವ ಚಹ ಮುಟ್ಟಲಿಲ್ಲ. ಅಂಗಡಿಯವನಿಗೆ ಫೋನು ಹಚ್ಚಿದರು; ರವಿವಾರ, ಬಂದ್. ಉಳಿದಿಬ್ಬರೂ ಬಂದ್. ಬಾಡಿಗೆಗೆ ಕೊಡುವವರನ್ನು ಹುಡುಕಿ ಹುಡುಕಿ ಹನ್ನೊಂದು ಕಡೆ ಕೇಳಿದೆವು. ಲಗ್ನದ ಹಂಗಾಮು, ಊರಿನ ಲೆನ್ಸುಗಳೆಲ್ಲ ಮದುವೆಗೆ ಹೋಗಿದ್ದವು. ಜೀಡಿಮೆಟ್ಲಾದಲ್ಲಿ ಒಬ್ಬ ಇದೆ ಎಂದ. ಎರಡು ಬಸ್ಸು, ಒಂದು ಆಟೋ ಹಿಡಿದು ಹೋದರೆ ಅದು ಬೇರೆ ಕಂಪನಿಯದು, ಈ ಕ್ಯಾಮೆರಾಕ್ಕೆ ಕೂರದು. ಭಾವ ಅದನ್ನು ಎರಡು ಸಲ ಒತ್ತಿ ನೋಡಿದರು, ಒತ್ತಿದರೆ ಕೂತೀತು ಎಂಬಂತೆ. ಕೊನೆಗೆ ಅವನಿಂದ ಮೆಮೊರಿ ಕಾರ್ಡೊಂದನ್ನು ಮಾತ್ರ ಕೊಂಡೆವು. ಬರುವಾಗ ಬಸ್ಸಿನಲ್ಲಿ ಭಾವ ಅಂದರು, "ಕೇಳಬೇಕಿತ್ತು ಆಕೀನ್ನ."

ಪಟ್ಟಿಯ ಮೇಲೆ ನನ್ನ ಸಹಿಯೂ ಇತ್ತು.

ಸೋಮವಾರ ಕಾಲೇಜಿನ ಗೇಟಿಗೆ ಹೋದೆವು. ಲಹರಿಯ ಲೆಕ್ಕವೆಂದರೆ, ಒಳಗೆ ಅರವತ್ತು ಮಂದಿ ಇರುತ್ತಾರೆ, ಯಾರಾದರೂ ಹತ್ತು ನಿಮಿಷ ತಮ್ಮ ಲೆನ್ಸು ಕೊಟ್ಟಾರು. ಗೇಟಿನ ಗುಮಾಸ್ತ ಪಟ್ಟಿ ಹಿಡಿದು ಕೂತಿದ್ದ. ಹಾಲ್ ಟಿಕೆಟ್ಟು ನೋಡಿದ, ಕ್ಯಾಮೆರಾದ ನಂಬರನ್ನು ಬಿಲ್ಲಿನ ನಂಬರಿಗೆ ಹೋಲಿಸಿದ, ಬಿಲ್ಲಿನ ಮೇಲಿನ ಹೆಸರು ನೋಡಿದ. ಎಲ್ಲಕ್ಕೂ ಟಿಕ್ ಹೊಡೆದ. ಅಂದು ಅಷ್ಟು ಚೊಕ್ಕ ಕಾಗದ ತಂದವರು ಬೇರೆ ಯಾರೂ ಇರಲಿಲ್ಲ. ಕಣ್ಣಿಲ್ಲದ ಕ್ಯಾಮೆರಾ ಹಿಡಿದು ಹುಡುಗಿ ಒಳಗೆ ಹೋದಳು.

ಕಾಂಪೌಂಡಿನ ಕಬ್ಬಿಣದ ಸರಳುಗಳ ಸಂದಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅವಳು ಒಬ್ಬೊಬ್ಬರ ಹತ್ತಿರ ಹೋಗಿ ಕೇಳುತ್ತಿದ್ದಳು, ಅವರು ಆಗದೆಂದು ತಲೆಯಾಡಿಸುತ್ತಿದ್ದರು. ತಪ್ಪು ಅವರದಲ್ಲ. ಎಲ್ಲರದೂ ಮೊದಲನೆಯ ಕ್ಯಾಮೆರಾ, ಎಲ್ಲರ ಹತ್ತಿರವೂ ಇದ್ದದ್ದು ಒಂದೇ ಲೆನ್ಸು, ಎಲ್ಲರಿಗೂ ಇದ್ದದ್ದು ಅದೇ ಮೂರು ತಾಸು.

ಹತ್ತೂವರೆಗೆ ರಸ್ತೆಯಾಚೆಯ ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋದ ಶಟರು ಮೇಲೆದ್ದಿತು. ಭಾವ ಎಡಬಲ ನೋಡದೆ ರಸ್ತೆ ದಾಟಿದರು. ಸ್ಟುಡಿಯೋದವನ ಹತ್ತಿರ ಅದೇ ಕಂಪನಿಯ ಲೆನ್ಸಿತ್ತು. ಐನೂರು ಕೇಳಿದ, ಭಾವ ಕೊಟ್ಟರು. ನಂಬಿಕೆಗೆ ಏನಾದರೂ ಇಡಿ ಎಂದ. ಭಾವ ಕೊರಳಿನಿಂದ ಕಾರ್ಖಾನೆಯ ಗುರುತಿನ ಚೀಟಿ ತೆಗೆದು ಕೌಂಟರಿನ ಮೇಲಿಟ್ಟರು. ಅದು ಅವರ ಕೊರಳು ಬಿಟ್ಟದ್ದನ್ನು ನಾನು ಸ್ನಾನದ ಹೊತ್ತಿನಲ್ಲಿ ಮಾತ್ರ ಕಂಡಿದ್ದೆ.

ಗುಮಾಸ್ತ ಒಪ್ಪಲಿಲ್ಲ. "ಪರೀಕ್ಷ ಮೊದಲೈಂದಿ ಸಾರ್. ಲೋಪಲಿಕಿ ಏಮೀ ಪಂಪಕೂಡದು." ಶುರುವಾದ ಮೇಲೆ ಒಳಗೆ ಏನೂ ಕಳಿಸುವಂತಿಲ್ಲ.

ನಾನು ವಾದಕ್ಕೆ ಬಾಯಿ ತೆರೆದೆ. ಭಾವ ನನ್ನ ತೋಳು ಹಿಡಿದರು. "ಬರೋಬ್ಬರಿ ಹೇಳಾಕತ್ತಾನ ಅಂವ," ಎಂದರು. "ನಾ ಆಗಿದ್ರೂ ಇದನ್ನs ಹೇಳ್ತಿದ್ದೆ." ಹೀಗೆಂದು, ಲೆನ್ಸನ್ನು ಕರ್ಚೀಫಿನಲ್ಲಿ ಸುತ್ತಿ, ಗೋಡೆಯ ಉದ್ದಕ್ಕೂ ನಡೆದು ಮೂಲೆ ತಿರುಗಿದರು. ಅಲ್ಲಿ ಸರಳುಗಳಿಗೆ ಮುಖ ಹಚ್ಚಿ ಮೆಲ್ಲಗೆ ಕರೆದರು. "ಲಹರೀ. ಏ ತಂಗೀ."

ಅವಳು ಓಡಿಬಂದಳು. ಭಾವ ಲೆನ್ಸನ್ನು ಸರಳುಗಳ ನಡುವೆ ತೂರಿಸಿದರು. ಹೋಗಲಿಲ್ಲ. ಮಗ್ಗಲು ಮಾಡಿದರು, ಮೇಲುಕೆಳಗು ಮಾಡಿದರು, ಮುಚ್ಚಳ ಬಿಚ್ಚಿದರು. ಆಚೆಯಿಂದ ಅವಳು ಸರಳನ್ನು ಎರಡೂ ಕೈಯಿಂದ ಎಳೆದು ಹಿಡಿದಳು, ಈಚೆಯಿಂದ ನಾನು. ಅರ್ಧ ಬೆರಳಿನಷ್ಟು ಸಾಲದಾಯಿತು. ಮೇಲೆ ಆಳೆತ್ತರದ ಮುಳ್ಳುತಂತಿ. ಕೆಳಗೆ ಕಲ್ಲುಕಟ್ಟೆ. ಮೂಲೆಯಿಂದ ಕಾವಲುಗಾರನ ಸೀಟಿ ಕೇಳಿಸಿತು, ಲಹರಿ ಹಿಂದೆ ಸರಿದಳು.

"ನೀ ಹೋಗಪ್ಪಾ," ಎಂದಳು. "ಪರೀಕ್ಷೆದಿಂದ ತಗದುಹಾಕ್ತಾರ ನನ್ನ."

ಭಾವ ಹೋಗಲಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು, ಬಿಸಿಲಲ್ಲಿ, ಲೆನ್ಸನ್ನು ಎದೆಗೊತ್ತಿ ಹಿಡಿದು ಹನ್ನೆರಡರವರೆಗೆ ನಿಂತರು.

ಲೆನ್ಸು ಕೊಟ್ಟು ಗುರುತಿನ ಚೀಟಿ ಬಿಡಿಸಿಕೊಂಡು ಮರಳುವ ಆಟೋದಲ್ಲಿ ಭಾವ ಕೇಳಿದರು, "ಖಾಲಿ ಕಾರ್ಡ್ ಕೊಟ್ಟಿಯೇನು?"

"ಹನ್ನೆರಡು ಕೊಡಬೇಕಂತಿತ್ತು. ಹನ್ನೆರಡು ಕೊಟ್ಟೆ." ಲೆನ್ಸಿಲ್ಲದಿದ್ದರೂ ಗುಂಡಿ ಒತ್ತಿದರೆ ಅದು ಏನನ್ನೋ ಹಿಡಿಯುತ್ತದಂತೆ. "ಮ್ಯಾಡಮ್ಮು ನೋಡಿ, ಮುಂದಿನ ವರ್ಷ ಬಾರವಾ ಅಂದ್ರು."

ಕಾರ್ಡಿನ ನಕಲು ಮಾಡಿಕೊಂಡು ಮೂಲವನ್ನು ಅವರವರಿಗೇ ಮರಳಿಸಿದ್ದರು. ಲಹರಿ ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಚಿತ್ರಗಳನ್ನು ತೋರಿಸಿದಳು. ಬೂದು. ಬಿಳಿ. ಹಸಿರಿನ ಒಂದು ಮಬ್ಬು. ಮತ್ತೆ ಬೂದು. ಒಂದರಲ್ಲಿ ಮಾತ್ರ ಮಧ್ಯದಲ್ಲಿ ತಿಳಿನೀಲಿಯ ಕಲೆಯೊಂದಿತ್ತು, ನೀರಿಗೆ ಬಿದ್ದ ಶಾಯಿಯಂತೆ ಅಂಚಿಲ್ಲದ್ದು.

"ಇದೇನಿದು?"

"ನೀ. ಸರಳಿನ ಆಚೆ ನಿಂತಿದ್ದಿ."

ಭಾವ ತಮ್ಮ ನೀಲಿ ಅಂಗಿ ನೋಡಿಕೊಂಡರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಪರದೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು.

"ಮುಖ ಎಲ್ಲೈತಿ?" ಎಂದು ಕೇಳಿದರು.

ಅವಳು ಬೆರಳಿಟ್ಟು ತೋರಿಸಿದಳು. ಅವರು ಸರಿ ಎಂಬಂತೆ ತಲೆಯಾಡಿಸಿದರು. ನನಗೇನೂ ಕಾಣಲಿಲ್ಲ.