ಮೂರನೇ ಗೇಟಿನ ಮೇಯೊನೀಸ್

ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಒಯಾರ್ಸೂನ್ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಾಗ ಎದೆಲ್ಮೀರಾಳ ಗಾಡಿಯ ಮುಂದೆ ಹನ್ನೊಂದು ಜನ ಸಾಲುಗಟ್ಟಿದ್ದರು. ಗಂಟೆ ಹನ್ನೆರಡೂವರೆ. ಸಾನ್ ಅಂತೋನಿಯೊ ಬಂದರಿನ ಮೊದಲ ಪಾಳಿಯವರಿಗೆ ಊಟದ ಬಿಡುವು. ಡಬ್ಬಿಯಲ್ಲಿ ಎರಡು ಕಿಲೊದಷ್ಟು ಮೇಯೊನೀಸ್ ಇತ್ತು. ತಿಳಿ ಹಳದಿ ಬಣ್ಣ. ಅಂಗಡಿಯದು ಬಿಳಿಯಾಗಿರುತ್ತದೆ.

"ಇದು ಎಲ್ಲಿಂದ ಬಂತಮ್ಮ?"

ಎದೆಲ್ಮೀರಾ ಬಾಯಿ ತೆರೆಯುವ ಮೊದಲೇ ಸಾಲಿನಿಂದ ಉತ್ತರ ಬಂತು.

"ಅಂಗಡೀದು ಸಾರ್," ಎಂದ ನೋಲ್ಬೆರ್ತೊ. ಕಂಟೇನರ್‌ಗಳಿಗೆ ಕೊಂಡಿ ಹಾಕುವ ಕೆಲಸದವನು. "ಬಾಯಿಗಿಟ್ರೆ ಗೊತ್ತಾಗಲ್ವಾ? ಗೋಡೆಗೆ ಬಳಿಯೋ ಸುಣ್ಣ ಇದ್ದಂಗಿದೆ."

"ಸುಣ್ಣಾನೂ ಇಷ್ಟು ಹುಳಿ ಇರಲ್ಲ," ಎಂದು ಅವನ ಹಿಂದಿದ್ದ ಸುಂಕದ ಕಚೇರಿಯ ಯಾಸ್ನಾ ಸೇರಿಸಿದಳು. "ದಿನಾ ಬಡ್ಕೋತೀನಿ, ಅಕ್ಕಾ, ಬೇರೆ ಕಂಪನೀದು ತರಿಸು ಅಂತ. ಕೇಳೋರ್ಯಾರು?"

ಮೂರನೇ ಗೇಟಿನ ಎದುರು ಈ ಗಾಡಿ ಇಪ್ಪತ್ತೆರಡು ವರ್ಷಗಳಿಂದ ಇದೆ. ಗೇಣುದ್ದದ ಬಿಸಿ ಬನ್ನು, ಅದರೊಳಗೆ ಬೇಯಿಸಿದ ಸಾಸೇಜ್, ಕೊಚ್ಚಿದ ಟೊಮೇಟೊ, ಕಿವುಚಿದ ಬೆಣ್ಣೆಹಣ್ಣು, ಮೇಲೆ ಧಾರಾಳವಾಗಿ ಮೇಯೊನೀಸ್. ಇದಕ್ಕೆ ಇಲ್ಲಿ ಕಂಪ್ಲೇತೊ ಎನ್ನುತ್ತಾರೆ, ಒಂದಕ್ಕೆ ಸಾವಿರದ ಐನೂರು ಪೆಸೊ. ತಿಂದರೆ ಪಾಳಿ ಮುಗಿಯುವವರೆಗೆ ಹಸಿವಿನ ಮಾತಿಲ್ಲ. ಇದೇ ರಸ್ತೆಯಲ್ಲಿ ಇನ್ನೆರಡು ಗಾಡಿಗಳಿವೆ. ಅದೇ ಬೇಕರಿಯ ಬನ್ನು, ಅದೇ ಸಾಸೇಜ್, ಬೆಲೆ ನೂರು ಪೆಸೊ ಕಡಿಮೆ. ಆದರೂ ಜನ ಅವೆರಡನ್ನೂ ದಾಟಿ ಇಲ್ಲಿಗೆ ಬರುತ್ತಾರೆ. ಕಾರಣ ಆ ಡಬ್ಬಿಯಲ್ಲಿತ್ತು. ಹಸಿ ಮೊಟ್ಟೆಯಿಂದ ಮನೆಯಲ್ಲಿ ಕಡೆದ ಮೇಯೊನೀಸನ್ನು ಮಾರುವಂತಿಲ್ಲ. ಎದೆಲ್ಮೀರಾಳಿಗೆ ಆಗಲೇ ಎರಡು ನೋಟಿಸ್ ಬಂದಿದ್ದವು. ಮೂರನೆಯದಕ್ಕೆ ಪರವಾನಗಿ ರದ್ದು. ಸಾಲಿನಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು.

ಗಾಡಿಯ ಕೆಳಗೆ, ಬಂದವರಿಗೆ ಕಾಣುವಂತೆ, ಅಂಗಡಿಯ ಮೇಯೊನೀಸಿನ ಖಾಲಿ ಬಕೆಟ್ ಇತ್ತು. ಒಯಾರ್ಸೂನ್ ಬಗ್ಗಿ ಅದನ್ನು ಎತ್ತಿ ಲೇಬಲ್ ಓದಿದ. ತಾರೀಕು ಮುಗಿದು ನಾಲ್ಕು ವರ್ಷವಾಗಿತ್ತು. ಬಕೆಟನ್ನು ಇದ್ದಲ್ಲಿಯೇ ಇಟ್ಟ.

"ಹಾಗಾದ್ರೆ ಕಾರ್ಖಾನೇದು ಅಂತ ಬರೀಲಾ?"

ಎದೆಲ್ಮೀರಾ ತಲೆಯೆತ್ತದೆ ಟೊಮೇಟೊ ಕೊಚ್ಚುತ್ತಿದ್ದಳು.

"ಬರೀರಿ ಸಾರ್, ಬರೀರಿ," ಎಂದ ಎಲಿಯೊದೋರೊ. ಕ್ರೇನ್ ಓಡಿಸಿ ನಿವೃತ್ತನಾದ ಮುದುಕ. ಗಾಡಿ ಬಂದ ಮೊದಲ ದಿನದ ಗಿರಾಕಿ. ಜನ ನಗುತ್ತಿದ್ದುದು ಅವನಿಗೆ ಹುರುಪು ತಂದಿತ್ತು. "ಇಪ್ಪತ್ತೆರಡು ವರ್ಷದಿಂದ ತಿಂತಿದೀನಿ. ಯಾಕೆ ಹೇಳಿ? ಅಗ್ಗ ಅಂತ! ರುಚಿಗೋಸ್ಕರ ಯಾವನು ಬರ್ತಾನೆ? ಇವಳಿಗೆ ಮೇಯೊನೀಸ್ ಕಡೆಯೋಕೆ ಎಲ್ಲಿ ಬರುತ್ತೆ? ಇವಳಮ್ಮಂಗೇ ಬರ್ತಿರಲಿಲ್ಲ. ಪಾಪ, ಆಯಮ್ಮ ಮಾಡಿದ್ದನ್ನ ನಮ್ಮ ಬೀದಿ ನಾಯಿಗಳೂ ಮೂಸ್ತಿರಲಿಲ್ಲ ಸಾರ್."

ಸಾಲು ಗೊಳ್ಳೆಂದಿತು. ಚಾಕುವಿನ ಸದ್ದು ನಿಂತಿತು.

"ಎಲಿಯೊದೋರಣ್ಣ, ಸಾಕು."

"ಅಯ್ಯೋ, ನಿನ್ನ ಒಳ್ಳೇದಕ್ಕೇ ಕಣಮ್ಮ..."

"ಗೊತ್ತು. ಈ ಗಾಡಿ ಉಳಿಸೋಕೆ ನಮ್ಮಮ್ಮನ ಮುಖಕ್ಕೆ ಮಸಿ ಬಳೀಬೇಡಿ." ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ನಂದೇ ಸಾರ್. ಬೆಳಿಗ್ಗೆ ಆರಕ್ಕೆ ಕೂತು ಕಡೆದಿದ್ದು. ಆ ಬಕೆಟ್ ಕಸದಲ್ಲಿ ಸಿಕ್ಕಿದ್ದು."

ಒಯಾರ್ಸೂನ್ ಪೆನ್ನನ್ನು ಕಾಗದದಿಂದ ಎತ್ತಿದ. ಧ್ವನಿ ತಗ್ಗಿಸಿದ.

"ನಂಗೆ ಸರಿಯಾಗಿ ಕೇಳಿಸಲಿಲ್ಲಮ್ಮ. ಲಾರಿ ಹೋಯ್ತಲ್ಲ, ಆ ಸದ್ದಲ್ಲಿ. ಇನ್ನೊಂದ್ಸಲ ಕೇಳ್ತೀನಿ, ಯೋಚ್ನೆ ಮಾಡಿ ಹೇಳಿ. ಎಲ್ಲೀದು?"

ಯಾವ ಲಾರಿಯೂ ಹೋಗಿರಲಿಲ್ಲ.

"ನಂದು," ಎಂದಳು ಎದೆಲ್ಮೀರಾ, ಸಾಲಿನ ಕೊನೆಯವನಿಗೂ ಕೇಳುವಂತೆ.

"ತಲೆ ಕೆಟ್ಟಿದೆ ಇವಳಿಗೆ," ಎಂದು ಯಾಸ್ನಾ ಗೊಣಗಿದಳು. ಈ ಸಲ ಯಾರೂ ನಗಲಿಲ್ಲ.

ಒಯಾರ್ಸೂನ್ ಜೀಪಿನಿಂದ ಕೈಗವಸು ಮತ್ತು ಕ್ಲೋರಿನ್ ಬಾಟಲಿ ತಂದ. ಡಬ್ಬಿಗೆ ಅರ್ಧ ಬಾಟಲಿ ಸುರಿದು ಮರದ ಸೌಟಿನಿಂದ ಕಲಕಿದ. ಮೇಯೊನೀಸ್ ಒಡೆಯಿತು, ಎಣ್ಣೆ ಮೇಲೆ ಬಂತು. ಆಗಲೇ ಕೊಂಡಿದ್ದ ಇಬ್ಬರು ತಮ್ಮ ಕಂಪ್ಲೇತೊಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದರು. ಅವನು ಆ ಕಡೆ ನೋಡಲಿಲ್ಲ.

"ನಾನು ತಮಾಷೆಗೆ ಅಂದೆ ಕಣಮ್ಮ," ಎಂದ ಎಲಿಯೊದೋರೊ. "ನಿಮ್ಮಮ್ಮನ ಕೈರುಚಿ ನಂಗೆ ಗೊತ್ತಿಲ್ವಾ?"

"ಅದನ್ನ ಮೊದಲೇ ಹೇಳ್ಬಹುದಿತ್ತು."

"ಮೊದಲೇ ಹೇಳಿದ್ರೆ ಗಾಡಿ ಹೋಗ್ತಿತ್ತಲ್ಲೇ!"

"ಈಗೇನು ಉಳೀತಾ?"

ಒಯಾರ್ಸೂನ್ ಗಾಡಿಯ ಹಲಗೆಯ ಮೇಲೆ ಕಾಗದವಿಟ್ಟು ಭರ್ತಿ ಮಾಡಿದ. ನಾಳೆಯಿಂದ ಇಲ್ಲಿ ಗಾಡಿ ಹಾಕುವಂತಿಲ್ಲ, ಮೇಲ್ಮನವಿಗೆ ಐದು ದಿನ ಇದೆ, ಮನವಿ ಹಾಕಿದವರು ಗೆದ್ದದ್ದನ್ನು ತಾನು ಕಂಡಿಲ್ಲ ಎಂದ. ಸಹಿ ಹಾಕುವ ಜಾಗಕ್ಕೆ ಗೀಟು ಎಳೆದು ಕಾಗದವನ್ನು ಅವಳತ್ತ ತಿರುಗಿಸಿದ.

ಅವಳು ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲ ಸಾಲಿನಿಂದ ಓದತೊಡಗಿದಳು. ನಾಲ್ಕನೇ ಸಾಲಿನಲ್ಲಿ ಬೆರಳಿಟ್ಟಳು.

"ಇದೇನು? 'ಮೇಯೊನೀಸ್, ಎರಡು ಕಿಲೊ, ಮೂಲ ತಿಳಿದಿಲ್ಲ.'"

"ಅದು ಹಾಗೇ ಬರೆಯೋದು. ಲೇಬಲ್ ಇಲ್ಲದ ಮಾಲಿಗೆಲ್ಲ ಹಾಗೇ."

"ಮೂಲ ನಾನೇ ಹೇಳಿದೆನಲ್ಲ."

"ಅಮ್ಮ, ಏನು ಬರೆದ್ರೂ ಶಿಕ್ಷೆ ಒಂದೇ."

"ಹಾಗಿದ್ರೆ ಸರಿಯಾಗೇ ಬರೀರಿ."

ಅವನು ಅವಳನ್ನೂ ಸಾಲಿನಲ್ಲಿ ನಿಂತವರನ್ನೂ ನೋಡಿದ. ಊಟದ ಬಿಡುವು ಮುಗಿಯಲು ಹತ್ತು ನಿಮಿಷವಿತ್ತು. ಸಾಲಿನಿಂದ ಯಾರೂ ಕದಲಿರಲಿಲ್ಲ. ಅವನು 'ಮೂಲ ತಿಳಿದಿಲ್ಲ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಇನಿಷಿಯಲ್ ಹಾಕಿದ.

"ಹೇಳಿ."

"ಎದೆಲ್ಮೀರಾ ಕಾತ್ರಿಲಿಯೊ ಮಾಡಿದ್ದು. ಈ ದಿನ ಬೆಳಿಗ್ಗೆ, ಕೈಯಲ್ಲಿ ಕಡೆದು. ಮೊಟ್ಟೆ ಹದಿನಾಲ್ಕು. ಎಣ್ಣೆ, ನಿಂಬೆ ರಸ, ಉಪ್ಪು, ಬೆಳ್ಳುಳ್ಳಿ."

ಅವನು ಬರೆದು ಮತ್ತೆ ಕಾಗದವನ್ನು ತಿರುಗಿಸಿದ. ಅವಳು ಓದಿದಳು.

"ಬೆಳ್ಳುಳ್ಳಿ ಬಿಟ್ಟಿದೀರ."

ಕಾಗದದ ಆ ಸಾಲಿನಲ್ಲಿ ಬರೆಯಲು ಜಾಗವಿರಲಿಲ್ಲ. ಅವನು ಕಾಗದವನ್ನು ಅಡ್ಡ ಹಿಡಿದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನೂ ಸೇರಿಸಿದ. ಎದೆಲ್ಮೀರಾ ಟೊಮೇಟೊ ಅಂಟಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು.